ಮಂಚ ಯಾಕೆ ಹಳದಿ?

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದಲ್ಲಿರುವುದು ಇಷ್ಟು. ನಮ್ಮ ಹಳೆಯ ಸಂಚಿಕೆಯೊಂದರಲ್ಲಿ, ಚಿತ್ರಗಳಲ್ಲಿ ಯಾವ ಬಣ್ಣಕ್ಕೆ ಯಾವ ಅರ್ಥ ಎಂಬ ಪಟ್ಟಿ ಬಂದಿತ್ತು. ಕೆಂಪು ಅಂದರೆ ಸಿಟ್ಟು, ನೀಲಿ ಅಂದರೆ ದುಃಖ, ಹಳದಿ ಅಂದರೆ ಸಂತೋಷ, ಕಪ್ಪು ಅಂದರೆ ಸಾವು. ಅವರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಮನೆಯ ಕ್ಯಾಲೆಂಡರಿನಲ್ಲಿ ವ್ಯಾನ್ ಗೋ ಬರೆದ ಮಲಗುವ ಕೋಣೆಯ ಚಿತ್ರ ಬಂತು. ಆರನೇ ಕ್ಲಾಸಿನ ಮಗಳಿಗೆ ಪಟ್ಟಿ ನೋಡಿ ಹೇಳಿದರು: "ಪಾಪ, ತುಂಬಾ ದುಃಖದಲ್ಲಿದ್ದ. ಅದಕ್ಕೇ ಗೋಡೆಗೆ ನೀಲಿ ಬಳಿದಿದ್ದಾನೆ." ಮಗಳು ಕೇಳಿದಳು: "ಹಾಗಾದ್ರೆ ಮಂಚ ಯಾಕೆ ಹಳದಿ? ಮಲಗಿದಾಗ ಮಾತ್ರ ಖುಷಿನಾ ಅಮ್ಮಾ?"

ತಾಯಿಗೆ ಉತ್ತರ ಹೊಳೆಯಲಿಲ್ಲ. ಜೊತೆಗೆ ಇನ್ನೊಂದು ವಿಷಯವನ್ನೂ ಬರೆದಿದ್ದಾರೆ. ಗೆಳತಿಯೊಬ್ಬರು ಚಿತ್ರಕಾರ ರಝಾ ಅವರ ಕಪ್ಪು ಬಿಂದುವಿನ ಮುದ್ರಿತ ಚಿತ್ರವನ್ನು ಉಡುಗೊರೆ ಕೊಟ್ಟಿದ್ದಾರೆ. ಕಪ್ಪು ಅಶುಭ ಅಂತ ಅತ್ತೆ ಅದನ್ನು ಹಾಲ್‌ನಲ್ಲಿ ಹಾಕಲು ಬಿಡುತ್ತಿಲ್ಲ. ಕೊನೆಯ ಸಾಲು ಹೀಗಿದೆ: "ಈ ಅರ್ಥಗಳೆಲ್ಲ ಚಿತ್ರದಲ್ಲಿ ನಿಜವಾಗಿ ಇರ್ತಾವಾ, ಇಲ್ಲಾ ಬರೆಯುವವರು ಸುಮ್ನೆ ಹುಟ್ಟಿಸ್ತೀರಾ?"

ಪ್ರಿಯ ಸೋದರಿ,

ಆ ಪಟ್ಟಿಯನ್ನು ನಾವು ಹಾಕಬಾರದಿತ್ತು. ಅದನ್ನು ಅಚ್ಚಿಗೆ ಕಳಿಸಿದವನು ನಾನೇ. ಓದುಗರಿಗೆ ಸುಲಭವಾಗಲಿ ಅಂದುಕೊಂಡಿದ್ದೆ. ನಿಮ್ಮ ಮಗಳ ಒಂದು ಪ್ರಶ್ನೆಗೆ ಅದು ನಿಲ್ಲಲಿಲ್ಲ. ಕ್ಷಮಿಸಿ. ಅವಳಿಗೆ ಉತ್ತರ ಕೊಡಬೇಕು. ಅದಕ್ಕೆ ಮೊದಲು ಗೋಡೆಯ ವಿಷಯ ಹೇಳಿಬಿಡುತ್ತೇನೆ.

ಆ ಗೋಡೆ ನೀಲಿ ಅಲ್ಲ.

ವ್ಯಾನ್ ಗೋ ಆ ಚಿತ್ರ ಬರೆದದ್ದು 1888ರ ಅಕ್ಟೋಬರ್‌ನಲ್ಲಿ, ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ. ಕೆಲಸ ಮಾಡಿ ಮಾಡಿ ಕಣ್ಣು ದಣಿದಿತ್ತು. ಸ್ವಲ್ಪ ದಿನ ಸುಧಾರಿಸಿಕೊಳ್ಳುತ್ತಾ ತನ್ನ ಕೋಣೆಯನ್ನೇ ಬರೆಯಲು ಕೂತ. ತಮ್ಮ ಥಿಯೋಗೆ ಕಾಗದ ಬರೆದು ಒಂದೊಂದು ಬಣ್ಣವನ್ನೂ ಹೇಳಿದ. ಗೋಡೆ ತಿಳಿ ನೇರಳೆ. ನೆಲ ಕೆಂಪು. ದಿಂಬು, ಹಾಸಿಗೆಯ ಬಟ್ಟೆ ನಿಂಬೆ ಹಸಿರು. ಹೊದಿಕೆ ಕಡುಗೆಂಪು. ಕಿಟಕಿ ಹಸಿರು. ಮುಖ ತೊಳೆಯುವ ಮೇಜು ಕಿತ್ತಳೆ, ಅದರ ಮೇಲಿನ ಬೋಗುಣಿ ನೀಲಿ. ಅವನು ಹೇಳಿದ ಬಣ್ಣಗಳಲ್ಲಿ ನೀಲಿ ಬರುವುದು ಆ ಬೋಗುಣಿಗೆ ಮಾತ್ರ! ಮಂಚದ ಬಣ್ಣವನ್ನೂ ಬರೆದಿದ್ದಾನೆ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಹಾಗಾದರೆ ನಿಮ್ಮ ಕ್ಯಾಲೆಂಡರಿನ ನೀಲಿ ಎಲ್ಲಿಂದ ಬಂತು? ಬಿಸಿಲಿಗೆ ಬಿದ್ದ ಸಿನಿಮಾ ಪೋಸ್ಟರ್ ನೋಡಿದ್ದೀರಲ್ಲ? ದಿನ ಕಳೆದಂತೆ ಕೆಂಪು ಹಾರಿಹೋಗುತ್ತದೆ, ಮುಖಗಳೆಲ್ಲ ನೀಲಿಯಾಗುತ್ತವೆ. ಇಲ್ಲೂ ಅದೇ ಆಯಿತು. ನೇರಳೆ ಮಾಡಲು ಅವನು ನೀಲಿಗೆ ಬೆರೆಸಿದ ಕೆಂಪು ಬೆಳಕಿಗೆ ನಿಲ್ಲುವಂಥದ್ದಾಗಿರಲಿಲ್ಲ. ಕೆಂಪು ಮಾಸಿತು, ನೀಲಿ ಉಳಿಯಿತು. ಅವನೇ ಈ ಚಿತ್ರವನ್ನು ಮೂರು ಸಲ ಬರೆದಿದ್ದಾನೆ. ಮೊದಲನೆಯದು ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. 1889ರಲ್ಲಿ ಮತ್ತೆ ಬರೆದ ಎರಡರಲ್ಲಿ ಒಂದು ಶಿಕಾಗೋದಲ್ಲಿ, ಅಮ್ಮನಿಗೂ ತಂಗಿಗೂ ಅಂತ ಬರೆದ ಚಿಕ್ಕದು ಪ್ಯಾರಿಸ್‌ನಲ್ಲಿ. ವಿಜ್ಞಾನಿಗಳು ಈ ಚಿತ್ರಗಳ ಬಣ್ಣವನ್ನು ಪರೀಕ್ಷಿಸಿ, ಗೋಡೆ ಮೊದಲು ನೇರಳೆಯಾಗಿತ್ತು ಎಂದು ತೋರಿಸಿದ್ದಾರೆ. ಕಾಗದದ ಮಾತು ಸರಿ ಅಂತಾಯಿತು.

ಇಷ್ಟಕ್ಕೂ ಆ ಚಿತ್ರದಿಂದ ಅವನಿಗೆ ಬೇಕಾಗಿದ್ದು ದುಃಖ ಅಲ್ಲವೇ ಅಲ್ಲ. ವಿಶ್ರಾಂತಿ. ನೋಡಿದವರ ತಲೆಗೆ, ಕಲ್ಪನೆಗೆ ಆರಾಮ ಸಿಗಬೇಕು ಅಂತ ಕಾಗದದಲ್ಲಿ ಬಿಡಿಸಿ ಹೇಳಿದ್ದಾನೆ. ಈ ಚಿತ್ರದಲ್ಲಿ ಬಣ್ಣವೇ ಎಲ್ಲ ಕೆಲಸ ಮಾಡಬೇಕು ಅಂದಿದ್ದಾನೆ. ಅದಕ್ಕೇ ನೆರಳನ್ನೂ ಬಿಟ್ಟುಬಿಟ್ಟ.

ಹಾಗಂತ ನೇರಳೆ ಅಂದರೆ ವಿಶ್ರಾಂತಿ ಅಂತ ಹೊಸ ಪಟ್ಟಿ ಮಾಡಿಕೊಳ್ಳಬೇಡಿ. ಕೆಲಸ ಮಾಡುತ್ತಿರುವುದು ಒಂಟಿ ಬಣ್ಣ ಅಲ್ಲ, ಜೋಡಿ. ಹಳದಿಗೆ ನೇರಳೆ ಎದುರು ಬಣ್ಣ. ಪಕ್ಕಪಕ್ಕ ಕೂತರೆ ಒಂದು ಇನ್ನೊಂದನ್ನು ಬೆಳಗಿಸುತ್ತದೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಸೀರೆ ಅಂಗಡಿಯಲ್ಲಿ ರಾಶಿಯ ನಡುವೆ ಚೆಂದ ಕಂಡ ಸೀರೆ ಮನೆಗೆ ತಂದ ಮೇಲೆ ಬೇರೆಯೇ ಕಾಣುತ್ತದೆ. ಆ ರವಿಕೆಗೆ ಹಾಕಿದರೆ ಮಂಕು, ಈ ರವಿಕೆಗೆ ಹಾಕಿದರೆ ಎದ್ದು ಕಾಣುತ್ತದೆ. ಸೀರೆ ಅದೇ. ಬದಲಾದದ್ದು ಪಕ್ಕದ ಬಣ್ಣ. ಜೋಸೆಫ್ ಆಲ್ಬರ್ಸ್ ಎಂಬ ಕಲಾವಿದ 1950ರಿಂದ ಕೊನೆಯವರೆಗೂ ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು ಚೌಕ ಬರೆಯುತ್ತಲೇ ಇದ್ದ. ಪಕ್ಕದ ಬಣ್ಣ ಬದಲಾದರೆ ಈ ಬಣ್ಣಕ್ಕೆ ಏನಾಗುತ್ತದೆ ಅಂತ ನೋಡುವುದೇ ಅವನ ಕೆಲಸವಾಗಿತ್ತು. ನೂರಾರು ಚಿತ್ರ ಬರೆದರೂ ಅವನಿಗೆ ಅದು ಮುಗಿಯಲಿಲ್ಲ.

ಈಗ ಕೆಂಪಿಗೆ ಬರೋಣ. ಕೋಣೆಯ ಚಿತ್ರಕ್ಕೆ ಸುಮಾರು ಐದು ವಾರ ಮೊದಲಷ್ಟೇ, 1888ರ ಸೆಪ್ಟೆಂಬರ್‌ನಲ್ಲಿ, ಅದೇ ಆರ್ಲ್‌ನಲ್ಲಿ ವ್ಯಾನ್ ಗೋ ರಾತ್ರಿಯಿಡೀ ತೆರೆದಿರುವ ಒಂದು ಕೆಫೆಯನ್ನು ಬರೆದ. ರಕ್ತಗೆಂಪು ಗೋಡೆ. ನಡುವೆ ಹಸಿರು ಬಿಲಿಯರ್ಡ್ಸ್ ಮೇಜು. ಮೇಲೆ ನಾಲ್ಕು ಹಳದಿ ದೀಪ. ಗೋಡೆಯ ಪಕ್ಕ ಮೇಜಿಗೆ ತಲೆ ಹಚ್ಚಿ ಕೂತ ಜನ. ಮನುಷ್ಯನ ಭಯಂಕರ ಆವೇಶಗಳನ್ನು ಕೆಂಪಿನಿಂದ, ಹಸಿರಿನಿಂದ ಹೇಳಲು ನೋಡಿದ್ದೇನೆ ಅಂತ ಥಿಯೋಗೆ ಬರೆದ. ಕೋಣೆಯ ಚಿತ್ರದಲ್ಲೂ ಕೆಂಪು ಇದೆ, ಹಸಿರು ಇದೆ. ಹೊದಿಕೆ ಕಡುಗೆಂಪು, ಕಿಟಕಿ ಹಸಿರು. ಬರೆದ ಕೈ ಒಂದೇ, ಊರು ಒಂದೇ. ಅಲ್ಲಿ ಕೆಂಪು ಎದೆ ಮೇಲೆ ಕೂರುತ್ತದೆ, ಇಲ್ಲಿ ಕಾಲು ಮುಚ್ಚಿ ಬೆಚ್ಚಗೆ ಇಡುತ್ತದೆ. ಕೆಫೆಯಲ್ಲಿ ಕೆಂಪು ನಾಲ್ಕೂ ಕಡೆಯಿಂದ ಮುತ್ತಿಕೊಂಡಿದೆ. ಇಲ್ಲಿ ಅದು ಒಂದು ರಗ್ಗಿನಷ್ಟು ಮಾತ್ರ. ಎಷ್ಟು ಬಣ್ಣ, ಎಲ್ಲಿ, ಯಾವುದರ ಪಕ್ಕ: ಅರ್ಥ ಹುಟ್ಟುವುದು ಅಲ್ಲಿ.

ನಿಮ್ಮ ಕೊನೆಯ ಸಾಲು ನನ್ನನ್ನು ತುಂಬ ಯೋಚಿಸುವಂತೆ ಮಾಡಿತು. ಅರ್ಥವನ್ನು ಬರೆಯುವವರು ಹುಟ್ಟಿಸುತ್ತಾರಾ? ಕೆಲವೊಮ್ಮೆ ಹೌದು. ಹಾಗೆ ಮಾಡುವುದು ತಪ್ಪು ಅಂತಲೇ ನಾನು ನಂಬಿದ್ದೇನೆ. ಆದರೆ ಯಾರು ಏನು ಹೇಳಿದರೂ ನಡೆಯುತ್ತದೆ ಎಂಬುದೂ ನಿಜವಲ್ಲ. ಹೇಳಿದ ಅರ್ಥಕ್ಕೆ ಚಿತ್ರದೊಳಗೇ ಸಾಕ್ಷಿ ಇರಬೇಕು.

ವ್ಯಾನ್ ಗೋನ ಕೋಣೆಯ ಚಿತ್ರ ಇರುವ ಶಿಕಾಗೋದ ವಸ್ತುಸಂಗ್ರಹಾಲಯದಲ್ಲೇ ಪಿಕಾಸೋನ ಮುದಿ ಗಿಟಾರ್ ವಾದಕನ ಚಿತ್ರವೂ ಇದೆ. ಗೆಳೆಯನೊಬ್ಬ ಆತ್ಮಹತ್ಯೆ ಮಾಡಿಕೊಂಡ ಮೇಲೆ, 1901ರಿಂದ 1904ರವರೆಗೆ, ಪಿಕಾಸೋ ಹೆಚ್ಚಾಗಿ ನೀಲಿಯಲ್ಲೇ ಬರೆದ. ಈ ಚಿತ್ರ ಆ ಕಾಲದ್ದು. ಇಲ್ಲಿ ನೀಲಿ ಅಂದರೆ ದುಃಖ ಅಂದರೆ ನಾನು ಒಪ್ಪುತ್ತೇನೆ. ಯಾಕೆ? ಆ ಮುದುಕನ ಕತ್ತು ಮುರಿದಂತೆ ಬಾಗಿದೆ. ಕಣ್ಣು ಕಾಣುವುದಿಲ್ಲ. ಬಟ್ಟೆ ಹರಿದಿದೆ, ಎಲುಬು ಎದ್ದಿದೆ. ಮೈಯೂ ನೀಲಿ, ನೆಲವೂ ನೀಲಿ. ಗಿಟಾರ್ ಒಂದೇ ಕಂದು. ಅವನಿಗೆ ಉಳಿದಿರುವುದು ಅದೊಂದೇ ಅಂತ ಆ ಕಂದು ಬಣ್ಣ ಹೇಳುತ್ತದೆ, ಅಲ್ವಾ? ನೀಲಿ ಒಂದೇ ಸಾಕ್ಷಿ ಹೇಳುತ್ತಿಲ್ಲ, ಬಾಗಿದ ಕತ್ತೂ ಹೇಳುತ್ತಿದೆ. ಇಬ್ಬರ ಚಿತ್ರವೂ ಒಂದೇ ಸೂರಿನ ಕೆಳಗಿವೆ. ಎರಡೂ ಇವತ್ತು ಕಣ್ಣಿಗೆ ನೀಲಿಯೇ. ಪಟ್ಟಿ ಹಿಡಿದು ಹೋದವರಿಗೆ ಎರಡೂ ಒಂದೇ ಆಗಿಬಿಡುತ್ತವೆ. ನನಗೆ ಬೇಜಾರಾಗುವುದು ಇದಕ್ಕೆ.

ಇನ್ನು ರಝಾ ಅವರ ಕಪ್ಪು. ನಿಮ್ಮ ಅತ್ತೆಯವರ ಅಳುಕು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಶುಭ ಕಾರ್ಯಕ್ಕೆ ಕಪ್ಪು ಉಡುವುದು ಬೇಡ ಅನ್ನುತ್ತಾರೆ. ಆದರೆ ಅದೇ ಕಪ್ಪನ್ನು ಕರಿಮಣಿ ಮಾಡಿ ಕೊರಳಿಗೆ ಕಟ್ಟುತ್ತೇವೆ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತೇವೆ. ಬೊಟ್ಟಿಗೆ ಕಪ್ಪೇ ಬೇಕು. ಅಲ್ಲಿ ಕಪ್ಪು ಕೆಡುಕಲ್ಲ, ಕಾವಲು. ಅತ್ತೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸೈಯದ್ ಹೈದರ್ ರಝಾ ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಬಾಬರಿಯಾ ಎಂಬ ಹಳ್ಳಿಯಲ್ಲಿ. ಅಪ್ಪ ಅರಣ್ಯ ಇಲಾಖೆಯಲ್ಲಿದ್ದರು. ಹುಡುಗನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಇದನ್ನೇ ನೋಡುತ್ತಾ ಕೂರು ಅಂದರು. ರಝಾ 1950ರಲ್ಲಿ ಫ್ರಾನ್ಸಿಗೆ ಹೋದರು. ಅಲ್ಲಿನ ಊರು, ಬಯಲು, ಚರ್ಚುಗಳನ್ನು ವರ್ಷಗಟ್ಟಲೆ ಬರೆದರು. ಹೆಸರು ಬಂತು, ತೃಪ್ತಿ ಬರಲಿಲ್ಲ. ಕೊನೆಗೆ ಹುಡುಕಿಕೊಂಡು ಬಂದದ್ದು ಆ ಶಾಲೆಯ ಗೋಡೆಯ ಚುಕ್ಕೆಗೇ. ಅವರಿಗೆ ಅದು ಬೀಜ, ಎಲ್ಲ ಹುಟ್ಟುವ ಜಾಗ. ನಿಮ್ಮ ಚಿತ್ರವನ್ನು ಒಮ್ಮೆ ಹತ್ತಿರ ಹಿಡಿದು ನೋಡಿ. ಕಪ್ಪಿನ ಸುತ್ತ ಯಾವ ಬಣ್ಣಗಳಿವೆ? ಅವು ಬಿಂದುವಿನ ಕಡೆಗೆ ಹೋಗುತ್ತಿವೆಯಾ, ಅದರಿಂದ ಹೊರಗೆ ಬರುತ್ತಿವೆಯಾ? ನನಗೆ ಹೊರಗೆ ಬರುವಂತೆ ಕಾಣುತ್ತವೆ. ನಿಮಗೆ ಬೇರೆ ಥರ ಕಂಡರೆ ಅದನ್ನೂ ಕೇಳುವ ಆಸೆ ನನಗಿದೆ. ಅತ್ತೆಯವರಿಗೆ ಒಲ್ಲೆ ಅನ್ನಿಸಿದರೆ ಹಾಲ್‌ನಲ್ಲೇ ಹಾಕಬೇಕು ಅಂತೇನಿಲ್ಲ. ನೀವು ದಿನಾ ಕೂತು ಓದುವ ಕಡೆ ತೂಗುಹಾಕಿ.

ಬೆಂಗಳೂರಿಗೆ ಬಂದಾಗ ಮಗಳನ್ನು ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಕರೆದುಕೊಂಡು ಹೋಗಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇರುವುದು ಅಲ್ಲಿ. ಪಕ್ಕದ ಚೀಟಿಯನ್ನು ಮೊದಲೇ ಓದಬೇಡಿ. ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲು ಕಣ್ಣಿಗೆ ಬಿದ್ದ ಬಣ್ಣ ಯಾವುದು, ಚಿತ್ರದಲ್ಲಿ ಅದು ಇನ್ನೆಲ್ಲಿ ಇದೆ ಅಂತ ಅವಳನ್ನು ಕೇಳಿ. ಕೈ ಅಡ್ಡ ಹಿಡಿದು ಆ ಬಣ್ಣವನ್ನು ಮರೆ ಮಾಡಿದರೆ ಉಳಿದದ್ದು ಹೇಗೆ ಕಾಣುತ್ತದೆ ಅಂತಲೂ ಕೇಳಿ. ಉತ್ತರ ಅವಳಿಂದಲೇ ಬರುತ್ತದೆ. ಈ ಪ್ರಶ್ನೆ ಕೇಳಿದ ಹುಡುಗಿ ಅವಳು, ನನಗೆ ಅನುಮಾನವೇ ಇಲ್ಲ.

ಈಗ ಮಂಚ. ಥಿಯೋಗೆ ಬರೆದ ಕಾಗದದಲ್ಲಿ ಅದರ ಬಣ್ಣವನ್ನು ವ್ಯಾನ್ ಗೋ ಹೀಗೆ ಹೇಳಿದ್ದಾನೆ: ಹೊಸ ಬೆಣ್ಣೆಯ ಹಳದಿ. ಮಗಳಿಗೆ ಅಷ್ಟು ಹೇಳಿ. ಆಮೇಲೆ ಕ್ಯಾಲೆಂಡರಿನ ಆ ಹಾಳೆಯನ್ನು ಎರಡು ಜೆರಾಕ್ಸ್ ಮಾಡಿಸಿ. ಒಂದರ ಗೋಡೆಗೆ ನೀಲಿ ಬಳಿಯಲಿ, ಇನ್ನೊಂದಕ್ಕೆ ತಿಳಿ ನೇರಳೆ. ಮಂಚಕ್ಕೆ ಮಾತ್ರ ಎರಡರಲ್ಲೂ ಒಂದೇ ಹಳದಿ ಕ್ರೇಯಾನ್. ಯಾವ ಮಂಚದಲ್ಲಿ ಮಲಗಬೇಕು ಅನ್ನಿಸುತ್ತದೆ ಅಂತ ಅವಳೇ ಎರಡು ಸಾಲು ಬರೆಯಲಿ. ಹಾಳೆಗಳನ್ನು ನಮಗೆ ಕಳಿಸಿ. ಆ ಪಟ್ಟಿ ಅಚ್ಚಾದ ಪುಟದಲ್ಲೇ ಅವನ್ನು ಹಾಕುತ್ತೇವೆ.

ಸಂಪಾದಕ