ಕೀಲಿನ್ ಹೆಸರಿನಲ್ಲಿ ಅಡಗಿರುವ 'ಎಫ್'

ನಿಮ್ಮ ಐರಿಷ್ ಗೆಳತಿಯ ಮಗಳ ಹೆಸರು ಕೀಲಿನ್, ಬರೆಯುವಾಗ ಮಾತ್ರ ನಡುವೆ ಎಫ್, ಎಚ್ ಯಾಕೆ ಅಂತ ಕೇಳಿದ್ದೀರಿ. ಅದು ಸುಮ್ನೆ ಸೇರಿಸಿದ್ದಲ್ಲ. ಇದು ಎರಡು ಐರಿಷ್ ಪದ ಸೇರಿ ಆದ ಹೆಸರು. 'ಕೀಲ್' ಅಂದರೆ ತೆಳ್ಳಗಿನ, 'ಫಿನ್' ಅಂದರೆ ಬೆಳ್ಳಗಿನ, ಚೆಲುವಾದ. ಐರಿಷ್ ದಂತಕಥೆಯ ವೀರ ಫಿನ್ ಮ್ಯಾಕೂಲ್‌ನ ಹೆಸರಲ್ಲಿರುವುದೂ ಇದೇ ಪದ.

ನಮ್ಮಲ್ಲಿ ಮಳೆ, ಕಾಲ ಸೇರಿದರೆ 'ಮಳೆಗಾಲ' ಆಗುತ್ತದೆ ಅಲ್ವಾ? ಎರಡನೇ ಪದದ ಮೊದಲ ಅಕ್ಷರ ಮೆತ್ತಗಾಗುತ್ತದೆ. ಐರಿಷ್‌ನಲ್ಲೂ ಹೀಗೇ. ಆದರೆ ಅಲ್ಲಿ ಎಫ್ ಮೆತ್ತಗಾದರೆ ದನಿಯೇ ಹೋಗಿಬಿಡುತ್ತದೆ. ಪಕ್ಕದ ಎಚ್ ಅದರ ಗುರುತು. ಓದಲು ಸುಲಭವಾಗಲಿ ಅಂತ ಕೆಲವರು ಎರಡನ್ನೂ ಬಿಟ್ಟು ಬರೆಯುತ್ತಾರೆ. ನನಗೆ ಹಳೆಯ ಕಾಗುಣಿತವೇ ಜಾಸ್ತಿ ಇಷ್ಟ, ಅರ್ಥ ಅದರಲ್ಲೇ ಕಾಣುತ್ತದೆ.