ಅಂಟುವಾಳದ ನೀರನ್ನು ಹೊಲಕ್ಕೆ ಸುರಿಯುವ ಮುಂಚೆ

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ಹೊಳೆಯ ನೀರು ಹಾಯಿಸಿದ ಅರ್ಧ ಎಕರೆಯಲ್ಲಿ ಸೊಪ್ಪು ಬೆಳೆಯುತ್ತಿದ್ದೇನೆ, ಸಕ್ಕರೆ ಅಂಶವಿರುವ ಸೋಪು ಮಣ್ಣಿನ ಸೀಸ, ಕ್ಯಾಡ್ಮಿಯಂನಂಥ ವಿಷ ಲೋಹ ತೆಗೆಯುತ್ತದಂತೆ, ಅಂಟುವಾಳ ಕುದಿಸಿ ಸುರಿಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ.

ನೀವು ಓದಿದ್ದು ಸುಳ್ಳಲ್ಲ. ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ರಾಮ್ನೋಲಿಪಿಡ್ ಎಂಬ ನೊರೆ ವಸ್ತು ಮಾಡುತ್ತದೆ. ಅದಕ್ಕೆ ಸಕ್ಕರೆಯ ತಲೆ, ಕೊಬ್ಬಿನ ಬಾಲ, ಜೊತೆಗೆ ಮೈನಸ್ ಚಾರ್ಜ್. ಸೀಸ, ಕ್ಯಾಡ್ಮಿಯಂ ಪ್ಲಸ್. ಹಾಗಾಗಿ ಜೇಡಿಗೆ ಅಂಟಿದ ಲೋಹವನ್ನು ಕಿತ್ತು ನೀರಿಗೆ ತರುತ್ತದೆ. ಅರಿಜೋನಾ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಕ್ಯಾಡ್ಮಿಯಂ ಮೇಲೆ ಇದನ್ನು ನೋಡಿದ್ದಾರೆ. ನಮ್ಮ ಅಂಟುವಾಳಕ್ಕೆ ನೊರೆ ಬರಿಸುವ ಸಪೋನಿನ್‌ನಲ್ಲೂ ಸಕ್ಕರೆ ಇದೆ. ಮಲೇಷ್ಯಾದ ಮಲಯ ವಿಶ್ವವಿದ್ಯಾಲಯದಲ್ಲಿ ಅದರಿಂದ ಆರ್ಸೆನಿಕ್ ಮಣ್ಣು ತೊಳೆದು ನೋಡಿದ್ದಾರೆ. ಕೆಲವು ಶಾಂಪೂಗಳಲ್ಲಿರುವ ಡೆಸಿಲ್ ಗ್ಲುಕೋಸೈಡ್ ಎಂಬ ನೊರೆ ವಸ್ತು ಕೂಡ ಸಕ್ಕರೆಯದೇ, ಆದರೆ ಅದಕ್ಕೆ ಚಾರ್ಜ್ ಇಲ್ಲ. ಲೋಹ ಹಿಡಿಯೋಕೆ ಅದನ್ನು ನಂಬಬೇಡಿ.

ಆದರೆ ಆ ಪ್ರಯೋಗಗಳಲ್ಲಿ ಮಾಡುವುದು ಬೇರೆ. ಮಣ್ಣನ್ನು ಪಾತ್ರೆಗೆ ಹಾಕಿ ಕಲಕುತ್ತಾರೆ, ನೀರನ್ನು ಬೇರೆ ಮಾಡಿ ಹಿಡಿದಿಡುತ್ತಾರೆ. ನಿಮ್ಮ ಹೊಲದಲ್ಲಿ ಆ ನೀರನ್ನು ಹಿಡಿಯೋದು ಯಾರು? ಲೋಹ ಎಲ್ಲೂ ಮಾಯವಾಗಲ್ಲ. ಇಷ್ಟು ದಿನ ಜೇಡಿ ಬಿಗಿಯಾಗಿ ಹಿಡಿದಿದ್ದನ್ನು ನೀವೇ ಸಡಿಲಿಸಿದಂತೆ. ಸ್ವಲ್ಪ ಬೇರಿಗೆ ಹೋಗುತ್ತದೆ, ಉಳಿದದ್ದು ಬೋರ್‌ವೆಲ್ ಕಡೆ ಇಳಿಯುತ್ತದೆ. ಲೆಕ್ಕ ಹಾಕಿ: ಅರ್ಧ ಎಕರೆಯ ಮೇಲಿನ 15 ಸೆಂ.ಮೀ. ಮಣ್ಣೇ ಸುಮಾರು 4.5 ಲಕ್ಷ ಕಿಲೋ. ಅದನ್ನು ತೊಳೆಯಲು ಹತ್ತು ಪಟ್ಟು ನೀರು ಅಂದರೆ 45 ಲಕ್ಷ ಲೀಟರ್, ಅಂದರೆ 12,000 ಲೀಟರಿನ 375 ಟ್ಯಾಂಕರ್!

ಇನ್ನೊಂದು. ಒಮ್ಮೆ ಅಂಟುವಾಳದಲ್ಲಿ ಬಟ್ಟೆ ಒಗೆದ ನೀರನ್ನು ನಾನು ತೊಟ್ಟಿಯ ಪಕ್ಕ ಚೆಲ್ಲಿದ್ದೆ. ಸಂಜೆಗೆ ಗಪ್ಪಿ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸಪೋನಿನ್ ಮೀನಿನ ಕಿವಿರಿಗೆ ವಿಷ. ಕೆರೆ, ಕೃಷಿ ಹೊಂಡ ಹತ್ತಿರವಿದ್ದರೆ ಹುಷಾರು.

ಮೊದಲು ಪರೀಕ್ಷೆ ಮಾಡಿಸಿ. ಸಾರಜನಕ, ರಂಜಕ, ಪೊಟ್ಯಾಷ್ ನೋಡುವ ಮಾಮೂಲಿ ಎನ್‌ಪಿಕೆ ಟೆಸ್ಟ್‌ನಲ್ಲಿ ಇದು ಗೊತ್ತಾಗಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಆರ್ಸೆನಿಕ್ ಅಂತ ಬರೆದುಕೊಟ್ಟು ಕೇಳಿ, ಮಣ್ಣು ಎಷ್ಟು ಹುಳಿ ಅಂತ ಹೇಳುವ ಪಿಎಚ್ ಜೊತೆಗಿರಲಿ. ಎಂಟು ಹತ್ತು ಕಡೆಯಿಂದ ಮಣ್ಣು ತೆಗೆದು ಬೆರೆಸಿ. ಸತು ಲೇಪಿಸಿದ ತಗಡಿನ ಬಕೆಟ್ ಬೇಡ, ಅದರ ಸತುವೇ ಮಣ್ಣಿಗೆ ಸೇರಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೆಟ್, ಮರದ ಕೋಲು ಸಾಕು.

ರಿಪೋರ್ಟ್ ಬರುವವರೆಗೆ ಸೊಪ್ಪು ನಿಲ್ಲಿಸಿ. ಸೀಸ ಹೆಚ್ಚಾಗಿ ಎಲೆಯ ಮೇಲೆ ಧೂಳಾಗಿ ಕೂತಿರುತ್ತದೆ, ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಬೇರಿನಿಂದ ಎಲೆಯೊಳಗೇ ಏರುತ್ತದೆ, ಎಷ್ಟು ತೊಳೆದರೂ ಅಷ್ಟೇ. ಚೆಂಡುಹೂ ಹಾಕಿ. ನೇಪಿಯರ್ ಹುಲ್ಲು ಸುಲಭ ಅನ್ನಿಸಬಹುದು, ಆದರೆ ಅದು ಹಸುವಿನ ಹೊಟ್ಟೆಗೆ ತಾನೇ ಹೋಗೋದು?

ಮಣ್ಣು ಹುಳಿಯಿದ್ದರೆ ಸುಣ್ಣ, ಜೊತೆಗೆ ಚೆನ್ನಾಗಿ ಕಳಿತ ಕಾಂಪೋಸ್ಟ್. ಇವು ಲೋಹವನ್ನು ತೆಗೆಯಲ್ಲ, ಕಟ್ಟಿಹಾಕುತ್ತವೆ. ಆರ್ಸೆನಿಕ್ ಜಾಸ್ತಿ ಬಂದರೆ ಮಾತ್ರ ಸುಣ್ಣ ಮುಟ್ಟಬೇಡಿ, ಅದು ಉಲ್ಟಾ ಸಡಿಲವಾಗುತ್ತದೆ. ಅದೇ ಹೊಳೆ ನೀರು ಹಾಯಿಸುತ್ತಿದ್ದರೆ ಇದೆಲ್ಲ ಸುಮ್ನೆ ದಂಡ, ಮೊದಲು ಬೇರೆ ನೀರು ನೋಡಿ.

ಪಿಎಚ್, ಕ್ಯಾಡ್ಮಿಯಂ ನಂಬರ್ ಬಂದಾಗ ಇಲ್ಲೇ ಹಾಕಿ, ಸುಣ್ಣ ಎಷ್ಟು ಅಂತ ಲೆಕ್ಕ ಮಾಡೋಣ.