ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಕ್ರೈಸ್ತನಾಗಿ ಬದುಕುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಕೆಲಸದ ಮೇಲೆ ಹಾಸನದಿಂದ ದಾವಣಗೆರೆಗೆ ಬಂದಿದ್ದೀರಿ, ಭಾನುವಾರ ತಪ್ಪದೆ ಪೂಜೆಗೆ ಹೋಗುತ್ತೀರಿ, ಆದರೆ ಸೋಮವಾರದಿಂದ ಶನಿವಾರದವರೆಗೆ ನಿಮ್ಮ ಬದುಕಿಗೂ ಬೇರೆಯವರ ಬದುಕಿಗೂ ಏನು ವ್ಯತ್ಯಾಸ ಅಂತ ನಿಮಗೇ ತಿಳಿಯುತ್ತಿಲ್ಲ. ಮಕ್ಕಳು ಸಂಜೆ ಜಪಸರದ ಪ್ರಾರ್ಥನೆಗೆ ಕೂರುವುದಿಲ್ಲ. ಅಕ್ಕಪಕ್ಕದವರ ಹಬ್ಬದೂಟ ತಗೊಳ್ಳಬಹುದೋ ಬಾರದೋ ಅನ್ನುವ ಅನುಮಾನ. ಊರಿನ ವಿಚಾರಕ್ಕೆ ತಲೆ ಹಾಕಬೇಕೋ, ನಮ್ಮ ಪಾಡಿಗೆ ನಾವಿರಬೇಕೋ ಅನ್ನುವ ಗೊಂದಲ.

ನಾನು ಗುರುವೂ ಅಲ್ಲ, ಉಪದೇಶಿಯೂ ಅಲ್ಲ. ಇಲ್ಲಿನ ಎಪಿಎಂಸಿ ಯಾರ್ಡಿನಲ್ಲಿ 26 ವರ್ಷ ಗುಮಾಸ್ತನಾಗಿ ದುಡಿದವನು. ಹಾಗಾಗಿ ತಕ್ಕಡಿಯಿಂದಲೇ ಶುರು ಮಾಡುತ್ತೇನೆ.

ಮೆಕ್ಕೆಜೋಳಕ್ಕೆ ತೇವಾಂಶ ಶೇಕಡ 14 ಇದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ನಮ್ಮ ಅಂಗಡಿಯಲ್ಲಿ ಪ್ರತಿ ಪಾಯಿಂಟಿಗೆ ಕ್ವಿಂಟಲ್‌ಗೆ ಒಂದು ಕೆಜಿ ಕಡಿತ. ಮಾಪಕ ಹಿಡಿಯುವವನು ನಾನು, ಚೀಟಿ ಬರೆಯುವವನೂ ನಾನೇ. ಮಾಪಕ 15 ತೋರಿಸಿದರೆ 17 ಅಂತ ಬರಿ ಅನ್ನುವುದು ಮಾಲೀಕರ ಅಪ್ಪಣೆ. 40 ಕ್ವಿಂಟಲ್ ತಂದ ರೈತನಿಗೆ ಆ ಎರಡು ಪಾಯಿಂಟಿನಲ್ಲಿ 80 ಕೆಜಿ ಹೋಯಿತು, ಒಂದು ಚೀಲಕ್ಕೂ ಮಿಗಿಲು. ರಾತ್ರಿಯೆಲ್ಲ ಟ್ರ್ಯಾಕ್ಟರ್ ಮೇಲೆ ಕೂತು ಜಗಳೂರು ಕಡೆಯಿಂದ ಬಂದವರು ಚೀಟಿಯನ್ನು ತಿರುಗಿಸಿ ನೋಡಿ ಸುಮ್ಮನೆ ಜೇಬಿಗಿಟ್ಟುಕೊಳ್ಳುತ್ತಿದ್ದರು. ಎರಡು ಹಂಗಾಮು ಹಾಗೆ ಬರೆದೆ. ಆ ಎರಡೂ ವರ್ಷ ಒಂದು ಭಾನುವಾರವೂ ಪೂಜೆ ತಪ್ಪಿಸಲಿಲ್ಲ, ಪೂಜೆಯಲ್ಲಿ ಯೇಸುಸ್ವಾಮಿಯ ಶರೀರವೆಂದು ನಂಬಿ ತಗೊಳ್ಳುವ ರೊಟ್ಟಿಯಾದ ಪರಮಪ್ರಸಾದವನ್ನೂ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಲೂಕನ ಶುಭಸಂದೇಶದಲ್ಲಿ ಸುಂಕದವನಾದ ಜಕ್ಕಾಯನ ಕಥೆ ನಿಮಗೆ ಗೊತ್ತೇ ಇದೆ: ಯೇಸುಸ್ವಾಮಿಯನ್ನು ಕಂಡ ಮೇಲೆ, ಮೋಸದಿಂದ ಕಿತ್ತುಕೊಂಡದ್ದನ್ನು ಒಂದಕ್ಕೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಅಂದವನು. ಮೂರು ವರ್ಷಕ್ಕೊಮ್ಮೆ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಬರುವ ಭಾನುವಾರ ಅದರ ವಾಚನ. ನಮ್ಮ ಯಾರ್ಡಿಗೆ ಮೆಕ್ಕೆಜೋಳ ಬಂದು ಬೀಳುವ ಕಾಲವೂ ಅದೇ. ಆ ವರ್ಷ ವಾಚನ ಕೇಳುತ್ತಾ ಕೂತವನಿಗೆ ಅದು ಯೆರಿಕೋ ಊರಿನ ಕಥೆ ಅನ್ನಿಸಲೇ ಇಲ್ಲ. ಮನೆಗೆ ಬಂದು ಬೈಬಲ್ ತೆಗೆದೆ. ಮೋಸ ಮಾಡಿದವನು ತಾನಾಗಿ ಒಪ್ಪಿಕೊಂಡರೆ ಅಸಲಿನ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು ಅಂತ ಯಾಜಕಕಾಂಡ ಹೇಳುತ್ತದೆ. ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು ಮಾತ್ರ ಒಂದಕ್ಕೆ ನಾಲ್ಕು ಕೊಡಬೇಕು ಅನ್ನುವುದು ವಿಮೋಚನಾಕಾಂಡದ ನಿಯಮ. ಜಕ್ಕಾಯ ತನಗೆ ತಾನೇ ಕುರಿಗಳ್ಳನ ದಂಡ ಹಾಕಿಕೊಂಡ.

ಅಷ್ಟು ಮಾಡುವ ಶಕ್ತಿ ನನಗಿರಲಿಲ್ಲ. ಯಾರ್ಯಾರ ಚೀಟಿ ಅನ್ನುವುದೂ ಪೂರ್ತಿ ನೆನಪಿರಲಿಲ್ಲ. ಮಾಲೀಕರಿಗೆ ಇನ್ನು ಮೇಲೆ ಮಾಪಕ ತೋರಿಸಿದ್ದನ್ನೇ ಬರೆಯುತ್ತೇನೆ ಅಂದೆ. ತಿಂಗಳಾಗುವಷ್ಟರಲ್ಲಿ ಕೆಲಸ ಹೋಯಿತು. ಬೇರೆ ಅಂಗಡಿ ಸಿಕ್ಕಿತು, ಸಂಬಳ ಕಡಿಮೆ. ಗುರುತಿದ್ದ ಒಬ್ಬ ರೈತರ ಊರಿಗೆ ಬಸ್ಸಿನಲ್ಲಿ ಹೋಗಿ ಹಣ ಕೊಟ್ಟೆ, ಯಾಕೆ ಅಂತ ಹೇಳಿದೆ. ಅವರು ಎಣಿಸಿದರು. ‘ಹಿಂದಿನ ವರ್ಷದ್ದೂ ಹಿಂಗೇನಾ?’ ಅಂದರು. ಹೌದು ಅಂದೆ. ಕೂರು ಅನ್ನಲಿಲ್ಲ, ನೀರೂ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ವಾಪಸ್ ಬರುವಾಗ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಪಾಪನಿವೇದನೆಯಲ್ಲಿ ದೇವರು ಕ್ಷಮಿಸಿದ್ದಾರೆ ಅಂತ ನಂಬುತ್ತೇನೆ, ಆದರೆ ಆ ರೈತರು ಕ್ಷಮಿಸಬೇಕು ಅಂತ ಕೇಳುವ ಹಕ್ಕು ನನಗಿಲ್ಲ.

ಪೂಜೆಯನ್ನು ಇಂಗ್ಲಿಷಿನಲ್ಲಿ ಮಾಸ್ ಅನ್ನುತ್ತಾರಲ್ಲ, ಆ ಪದ ಬಂದದ್ದು ಲ್ಯಾಟಿನ್ ಪೂಜೆಯ ಕೊನೆಯ ಮಾತಿನಿಂದ: ಇತೆ ಮಿಸ್ಸಾ ಎಸ್ತ್. ಹೋಗಿ, ನಿಮ್ಮನ್ನು ಕಳಿಸಿಕೊಟ್ಟಿದೆ ಅಂತ. ಇಡೀ ಆರಾಧನೆಗೆ ಕಳಿಸಿಕೊಡುವ ಮಾತಿನದೇ ಹೆಸರು. ಗುರುಗಳು ಸಮಾಧಾನದಿಂದ ಹೋಗಿ ಅಂದಾಗ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ.

ಮನೆಯ ವಿಚಾರ. ನನಗೂ ತಮ್ಮನಿಗೂ ಅಪ್ಪನ ಸೈಟಿನ ಮೇಲೆ ಜಗಳವಾಗಿ ಮೂರು ವರ್ಷ ಮಾತಿರಲಿಲ್ಲ. ಇಬ್ಬರೂ ಒಂದೇ ಚರ್ಚಿಗೆ ಹೋಗುವವರು. ಪರಮಪ್ರಸಾದಕ್ಕೆ ಮುಂಚೆ ಕೈಮುಗಿದು ಒಬ್ಬರಿಗೊಬ್ಬರು ಶಾಂತಿ ಕೋರುವಾಗ ನಾನು ಬಲಕ್ಕೆ ತಿರುಗಿದರೆ ಅವನು ಎಡಕ್ಕೆ. ಬಲಿಪೀಠದ ಮುಂದೆ ಕಾಣಿಕೆ ತಂದಾಗ ನಿನ್ನ ಸೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ರಾಜಿಯಾಗು ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಸಿಟ್ಟು ನಿನಗಿದ್ದರೆ ಅಂತಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಅಂತ. ಇದನ್ನು ನಾನು ಗಮನಿಸಿದ್ದು ಎಷ್ಟೋ ವರ್ಷದ ಮೇಲೆ. ಒಂದು ಸಂಜೆ ಅವನ ಮನೆಗೆ ಹೋದೆ. ಅವನಿರಲಿಲ್ಲ, ಅವನ ಹೆಂಡತಿ ಟೀ ಕೊಟ್ಟಳು. ಮತ್ತೆ ಹೋದೆ. ನಾಲ್ಕನೇ ಸಲಕ್ಕೆ ಮಾತಾಡಿದ. ಸೈಟಿನಲ್ಲಿ ಮೂರಡಿ ನಾನೇ ಬಿಟ್ಟುಕೊಟ್ಟೆ. ಆ ಮೂರಡಿ ಈಗಲೂ ಒಮ್ಮೊಮ್ಮೆ ಚುಚ್ಚುತ್ತದೆ, ಸುಳ್ಳು ಹೇಳುವುದಿಲ್ಲ.

ಹಬ್ಬದೂಟದ ಪ್ರಶ್ನೆ 2,000 ವರ್ಷ ಹಳೆಯದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ ಅನ್ನುತ್ತಾರೆ. ನೈವೇದ್ಯದ್ದು ಅಂತ ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ ಅಂತಲೂ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯುಗಾದಿ ಹೋಳಿಗೆ, ಸಂಕ್ರಾಂತಿ ಎಳ್ಳು-ಬೆಲ್ಲ, ಹಿಂದಿನ ಬೀದಿಯಿಂದ ಬರುವ ರಂಜಾನ್ ಪಾಯಸ ಎಲ್ಲಾ ಸಂತೋಷದಿಂದ ಉಣ್ಣುತ್ತೇವೆ. ಪ್ರಸಾದ ಅಂತಲೇ ಕೊಟ್ಟರೆ ಮುಖ ಸಿಂಡರಿಸದೆ ನಮ್ಮ ಪದ್ಧತಿ ಹೀಗಿದೆ ಅಂತ ಹೇಳುತ್ತೇವೆ. ಮೂವತ್ತು ವರ್ಷದಲ್ಲಿ ಯಾರೂ ಬೇಜಾರು ಮಾಡಿಕೊಂಡಿಲ್ಲ. ಕ್ರಿಸ್ಮಸ್‌ಗೆ ನನ್ನ ಹೆಂಡತಿ ಲಿಂಗಾಯತರ ಮನೆಗಳಿಗೆ ಮೊಟ್ಟೆ ಹಾಕದ ಕೇಕನ್ನು ಬೇರೆ ಪಾತ್ರೆಯಲ್ಲೇ ಮಾಡುತ್ತಾಳೆ. ನೆರೆಯವರನ್ನು ಪ್ರೀತಿಸುವುದು ಅಂದರೆ ನನಗೆ ಆ ಬೇರೆ ಪಾತ್ರೆಯೇ ಕಣ್ಣಿಗೆ ಬರುತ್ತದೆ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರಕ್ಕೆ ಹೋಗಿಬನ್ನಿ. ಅಲ್ಲಿನ ಆರೋಗ್ಯ ಮಾತೆಯ ದೇವಾಲಯ 2019ರಲ್ಲಿ ಬಸಿಲಿಕಾ, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ದೇವಾಲಯ, ಆಯಿತು. ಮುಂಚಿನ ಒಂಬತ್ತು ದಿನ ನೊವೇನಾ ಪ್ರಾರ್ಥನೆ. ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ಆಸುಪಾಸು, ನಡೆದು ಹೋಗುವವರೂ ಇದ್ದಾರೆ. ಮೇಣದಬತ್ತಿ ಹಿಡಿದು ನಿಂತವರಲ್ಲಿ ಎಲ್ಲಾ ಜಾತಿ, ಎಲ್ಲಾ ಮತದವರೂ ಸಿಗುತ್ತಾರೆ.

ಇನ್ನು ಊರಿನ ವಿಚಾರ. ದೂರ ಇರಬೇಡಿ. ಬಾಬಿಲೋನಿಗೆ ಸೆರೆಯಾಗಿ ಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ, ನೀವಿರುವ ಪಟ್ಟಣದ ಕ್ಷೇಮ ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ ಅಂತಿದೆ. ಶತ್ರುವಿನ ಪಟ್ಟಣಕ್ಕೇ ಆ ಮಾತು. ನಾವು ಇಲ್ಲಿಗೆ ಸೆರೆ ಬಂದವರಲ್ಲ, ಇದು ನಮ್ಮದೇ ಊರು. ವೋಟು, ತೆರಿಗೆ, ವಾರ್ಡಿನ ಸಭೆ ಇವೆಲ್ಲ ಇದ್ದದ್ದೇ. ನನ್ನನ್ನು ಕಟ್ಟಿಹಾಕಿದ್ದು ನಲ್ಲಿ. ಬೇಸಿಗೆಯಲ್ಲಿ ಇಲ್ಲಿ ದಿನಾ ನೀರು ಬರುವುದಿಲ್ಲ ಅಂತ ನಿಮಗೂ ಗೊತ್ತಾಗಿರಬೇಕು. ನಮ್ಮ ಓಣಿಯಲ್ಲಿ ಸುಮಾರು ಮನೆಯವರು ಪೈಪಿಗೆ ನೇರ ಮೋಟಾರ್ ಹಾಕಿ ಎಳೆಯುತ್ತಿದ್ದೆವು, ನಾನೂ ಸೇರಿ. ಕೊನೇ ಮನೆಯ ಅಜ್ಜಿಗೆ ನೀರು ಸೊರಸೊರ ಅಂದು ನಿಂತುಹೋಗುತ್ತಿತ್ತು. ಅವರು ಚರ್ಚಿನವರಲ್ಲ. ಬಾಯಾರಿದವನಿಗೆ ನೀರು ಕೊಟ್ಟದ್ದು ನನಗೇ ಕೊಟ್ಟಂತೆ ಅನ್ನುವ ಮತ್ತಾಯ 25ನ್ನು ಅಂತ್ಯಕ್ರಿಯೆಯ ಪೂಜೆಯಲ್ಲಿ ನಾನೇ ಎಷ್ಟೋ ಸಲ ಕೇಳಿದವನು. ಮೋಟಾರ್ ಬಿಚ್ಚಿ ನೀರಿನ ಸಂಪ್‌ಗೆ ಹಾಕಿಸಿದೆ. ಆಮೇಲೆ ಉಳಿದವರ ಮನೆಗಳಿಗೆ ಹೋಗಿ ಕೇಳಿಕೊಂಡೆ. ಮೂರು ಮನೆಯವರು ಬಿಚ್ಚಿದರು, ಇಬ್ಬರು ಇನ್ನೂ ಬಿಚ್ಚಿಲ್ಲ. ಈ ಬೇಸಿಗೆಗೆ ಮತ್ತೆ ಹೋಗಿ ಕೇಳಬೇಕು.

ಮಕ್ಕಳ ಬಗ್ಗೆ ಕೊನೆಗೆ ಉಳಿಸಿಕೊಂಡೆ, ಯಾಕೆಂದರೆ ಅಲ್ಲಿ ನನ್ನ ಹತ್ತಿರ ಉಪಾಯವಿಲ್ಲ. ಬೈದು ಕೂರಿಸಿದ ಕಾಲವಿತ್ತು, ಅದರಿಂದ ಜಪಸರ ಅಂದರೆ ಶಿಕ್ಷೆ ಅನ್ನುವಂತಾಯಿತು. ಈಗ ಸಂಜೆ ಏಳೂವರೆಗೆ ನಾನು, ಹೆಂಡತಿ, ಅಮ್ಮ ಮೂವರೇ ಕೂರುತ್ತೇವೆ. ಜಪಸರದಲ್ಲಿ ಹತ್ತು ಹತ್ತು ಮಣಿಯ ಜಪಕ್ಕೆ ಒಂದು ದಶಕ ಅನ್ನುತ್ತೇವೆ; ಐದು ದಶಕ ಪೂರ್ತಿ ಆಗದ ದಿನ ಒಂದೇ ಮಾಡುತ್ತೇವೆ. ಮಗಳು ಒಂದು ಪರೀಕ್ಷೆಯ ಹಿಂದಿನ ರಾತ್ರಿ ತಾನಾಗಿ ಬಂದು ಕೂತಳು, ಆಮೇಲೆ ಬರುತ್ತಲೇ ಇದ್ದಾಳೆ. ಮಗ ಬೆಂಗಳೂರಿನಲ್ಲಿದ್ದಾನೆ, ಚರ್ಚಿಗೆ ಹೋಗುವುದಿಲ್ಲ ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ತೇವಾಂಶದ ಚೀಟಿ ಬರೆಯುತ್ತಿದ್ದ ಕಾಲದಲ್ಲಿ ಅವನಿಗೆ ಹದಿಮೂರು ವರ್ಷ, ರಜೆಯಲ್ಲಿ ಯಾರ್ಡಿಗೆ ನನ್ನ ಜೊತೆ ಬರುತ್ತಿದ್ದ. ಅವನು ಏನು ನೋಡಿದನೋ ನಾನು ಕೇಳಿಲ್ಲ. ಐದನೇ ದಶಕವನ್ನು ಅವನ ಹೆಸರಿಗೆ ಹೇಳುತ್ತೇವೆ.